ಬೆನ್ನಿಗೆ ಬರೆದ ಬಾಕಿ

ಇಪ್ಪತ್ತೆರಡು ವರ್ಷ ಸ್ಟೇಟ್‌ಬ್ಯಾಂಕು–ಕಾವೂರು ಬಸ್ಸಿನಲ್ಲಿ
ಚಿಲ್ಲರೆ ಇಲ್ಲದಾಗ ಟಿಕೇಟಿನ ಬೆನ್ನಿಗೆ
ಬಾಕಿ ಬರೆದು ಕೊಟ್ಟವನು ನಾನು.
ಏಳು. ಹದಿಮೂರು. ಮೂವತ್ತೆಂಟು.
ಇಳಿಯುವಾಗ ಕೇಳಿದವರು ಪಡೆದರು.
ಮರೆತು ಇಳಿದವರ ಬಾಕಿ
ರಾತ್ರಿ ಚೀಲ ಕೊಡವುವಾಗ ಕಿಣಿಕಿಣಿ ಅನ್ನುತ್ತಿತ್ತು.
ಅದನ್ನು ಯಾರಿಗೂ ಹೇಳಿಲ್ಲ.

ದೇಜಪ್ಪ ಮೇಸ್ತ್ರಿ ಎಸ್ಟಿಮೇಟು ಬರೆದದ್ದೂ
ಯಾರದೋ ಮದುವೆ ಕಾಗದದ ಬೆನ್ನಿಗೆ.
ಅಡುಗೆಕೋಣೆ, ಬಚ್ಚಲು, ಹಿಂದಿನ ಜಗಲಿ:
ಎರಡು ಲಕ್ಷದ ನಲವತ್ತು.
"ಎಲ್ಲ ಸೇರಿಯೇ ಹೇಳಿದ್ದು ಮಾರಾಯ್ರೆ,
ಮೇಲೆ ಹೋದರೆ ನನ್ನ ಹೆಸರು ಬದಲಿಸಿ."

ಮೊದಲ ವಾರ ಮಾಡು ಬಿಚ್ಚಿದರು.
ಪಕ್ಕಾಸಿನೊಳಗೆ ಗೆದ್ದಲು ಊರು ಕಟ್ಟಿತ್ತು,
ಬೆರಳಿಟ್ಟರೆ ಮರ ಚಾಪುಡಿ.
ಆಮೇಲೆ ಹೊಯಿಗೆ ಸಿಗಲಿಲ್ಲ,
ಸಿಕ್ಕಾಗ ಅದರ ಕ್ರಯ ಅದಕ್ಕೇ ನಾಚಿಕೆಯಾಗುವಷ್ಟು.
ಬಚ್ಚಲಿನ ನೀರು ಜಾಲರಿಗೆ ಬೆನ್ನು ಹಾಕಿ
ದೇವರ ಕೋಣೆಯತ್ತ ಹೊರಟಿತು.
ಒಡೆದರು. ಮತ್ತೆ ಹಾಕಿದರು.
ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಹೊಸ ಕಾಗದ,
ಬಂದು ನಿಂತ ದೇಜಪ್ಪ: ಮೂರು ಲಕ್ಷದ ಹನ್ನೆರಡು.
ಕೊನೆಯ ಸಾಲು, "ಇತ್ಯಾದಿ: ಹದಿನೈದು ಸಾವಿರ".

ಆ ರಾತ್ರಿ ಜಗಳದ ಮಾತುಗಳನ್ನು ಸಾಲಾಗಿ ನಿಲ್ಲಿಸಿದೆ.
ಯೆಯ್ಯಾಡಿಗೆ ಟಿಕೇಟು ತೆಗೆದು ಬೊಂದೆಲ್‌ನಲ್ಲಿ ಇಳಿಯುವವರ
ಮುಖ ನನಗೆ ಗೊತ್ತು,
ಇವನನ್ನೂ ಹಿಡಿಯುತ್ತೇನೆ ಎಂದು ಮಗ್ಗುಲು ಬದಲಿಸಿದೆ.
ಕತ್ತಲೆಯಲ್ಲಿ ಜಲಜಾಕ್ಷಿ, ಮೆಲ್ಲ:
"ಪಡುಗೋಡೆಗೆ ಕಿಟಿಕಿ ಇಡಲು ಹೇಳಿದ್ದು ನಾನು.
ನೀವು ಡ್ಯೂಟಿಯಲ್ಲಿದ್ದಿರಿ.
ಒಲೆಯ ಎದುರು ಇಷ್ಟು ವರ್ಷ ಗೋಡೆಯನ್ನೇ ನೋಡಿದ್ದೇನೆ."
ಎಷ್ಟಂತೆ, ಕೇಳಿದೆ.
"ಹದಿನಾಲ್ಕು ಸಾವಿರ ಅಂದ. ಹೂಂ ಅಂದೆ."
ಸಾಲಾಗಿ ನಿಂತಿದ್ದ ಮಾತುಗಳಲ್ಲಿ ನಾಲ್ಕೈದು
ಸೀಟು ಹುಡುಕಿ ಕುಳಿತವು.

ಆದಿತ್ಯವಾರ ಅವನನ್ನು ಕರೆಸಿದೆ.
ಇಬ್ಬರೂ ಸಿಮೆಂಟು ಚೀಲದ ಮೇಲೆ,
ನಡುವೆ ಒಂದು ಹಳೆಯ ಟ್ರಿಪ್ ಶೀಟು, ಪೆನ್ಸಿಲು.
ಗೆದ್ದಲು ನೀನು ಸಾಕಿದ್ದಲ್ಲ, ಇಪ್ಪತ್ತಮೂರು ಪೂರ್ತಿ ನನ್ನದು.
ಕಿಟಿಕಿ ನಮ್ಮದು.
ಹೊಯಿಗೆ ಯಾರ ಮಾತೂ ಕೇಳುವುದಿಲ್ಲ,
ಒಂಬತ್ತರಲ್ಲಿ ಅರ್ಧ ನಿನಗೆ, ಅರ್ಧ ನನಗೆ.
ಆದರೆ ನೀರು ಹಿಂದಕ್ಕೆ ಹರಿದದ್ದು ನಿನ್ನ ರಸಮಟ್ಟದ ತಪ್ಪು,
ಆ ಹನ್ನೊಂದಕ್ಕೆ ನಾನು ಟಿಕೇಟು ತೆಗೆಯುವುದಿಲ್ಲ.
"ಹುಡುಗ ಹೊಸಬ," ಅಂದ, "ತಂಗಿಯ ಮಗ."
ನಾನೂ ಹೊಸಬನಾಗಿದ್ದೆ ದೇಜಪ್ಪಾ.
ಮೊದಲ ತಿಂಗಳ ಶಾರ್ಟೇಜು ಸಂಬಳದಿಂದ ಹೋಯಿತು,
ಪ್ರಯಾಣಿಕರನ್ನು ಕೇಳಲಿಲ್ಲ.

ಇನ್ನು ಇತ್ಯಾದಿ. ಇತ್ಯಾದಿಗೆ ಹೆಸರು ಹೇಳು.
ಪೈಪು ಅಂದ. ಟೆಂಪೊ ಬಾಡಿಗೆ ಅಂದ.
ಆರು ಸಾವಿರಕ್ಕೆ ಹೆಸರು ಸಿಕ್ಕಿತು.
ಉಳಿದ ಒಂಬತ್ತು
ಹೆಸರಿಲ್ಲದೆ ನಮ್ಮ ನಡುವೆ ನಿಂತಿತು, ಕಿಣಿಕಿಣಿ.
ಆ ಸದ್ದು ನನಗೆ ಗೊತ್ತು.
ದಬಾಯಿಸಲು ತೆರೆದ ಬಾಯಿ ತಾನಾಗಿ ಮುಚ್ಚಿತು.
ಅವನೇ ಅಂದ, "ಹೊಡೆದು ಹಾಕಿ."
ಹೊಡೆದು ಹಾಕಿದೆ.

ಇಪ್ಪತ್ತು ಸಾವಿರ ಮಾತ್ರ ನನ್ನಲ್ಲಿರಲಿ,
ಒಂದು ಮಳೆ ಹೋಗಲಿ,
ಮಾಡು ಸೋರದಿದ್ದರೆ ಚೌತಿಗೆ ಬಂದು ತೆಗೆದುಕೋ.
"ಬರೆದು ಕೊಡಿ."
ಕಿಸೆಯಲ್ಲಿ ಸಿಕ್ಕಿದ್ದು ಒಂದು ಟಿಕೇಟು.
ಅದರ ಬೆನ್ನಿಗೇ ಬರೆದೆ.
ದೇಜಪ್ಪ ನೋಡಿದ, ನಕ್ಕ, ಮಡಚಿ
ಕನ್ನಡಕದ ಡಬ್ಬಿಯೊಳಗಿಟ್ಟ.
"ಇಳಿಯುವಾಗ ಕೇಳುತ್ತೇನೆ."

ಒಳಗೆ ಒಗ್ಗರಣೆ ಸಿಡಿಯಿತು.
ಹದಿನಾಲ್ಕು ಸಾವಿರದ ಬೆಳಕು ಅವಳ ಮೊಣಕೈವರೆಗೆ ಬಂದಿತ್ತು.
ಏನು ಕಾಣುತ್ತದೆ ಎಂದು ನಾನೂ ಇಣುಕಿದೆ:
ಪಕ್ಕದವರ ಕರಿ ಟ್ಯಾಂಕು, ಅದರ ಮೇಲೊಂದು ಕಾಗೆ.
ಅಷ್ಟೆಯಾ, ಅಂದೆ.
"ಸಾಕು," ಅಂದಳು.